ಗಾಣದ ಬಾಯಿಯ ಮೇಲಿನ ಹಗ್ಗ

ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಹೊತ್ತು ಕಾಣುತ್ತಿತ್ತು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಆ ದಿನದ ಉಳಿದ ಎಷ್ಟೋ ಸಂಗತಿಗಳು ಕಬ್ಬಿನ ಹಾಲು ಕುದಿಯುವಾಗ ಏಳುವ ಹಬೆಯಲ್ಲಿ ಕರಗಿಹೋಗಿವೆ... ಆಕಾಶ ಹೇಗಿತ್ತು, ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು, ಚಹಾ ಬಂದಿತ್ತೋ ಇಲ್ಲವೋ. ಹೊತ್ತು ಮಾತ್ರ ಉಳಿದಿದೆ.

ಹೋದ ತಿಂಗಳು ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ವಯರು ಬೆಸೆಯುತ್ತಿದ್ದಳು. ಕಾದ ಸೋಲ್ಡರಿಂಗ್ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದಳು. ತೆಳ್ಳಗೆ ಹೊಗೆ ಎದ್ದು ಕಿಟಕಿಯ ಹತ್ತಿರ ನಿಂತಿದ್ದ ನನ್ನವರೆಗೂ ಬಂತು. ಈಗ ರಾಳದ ಡಬ್ಬಿಯನ್ನು ಯಾರೂ ಅಷ್ಟಾಗಿ ಇಟ್ಟುಕೊಳ್ಳುವುದಿಲ್ಲ, ಅವಳಿಗೆ ಎಲ್ಲಿ ಸಿಕ್ಕಿತ್ತೋ. ಆ ವಾಸನೆಯ ಬೆನ್ನಿಗೇ ಬೆಲ್ಲದ ವಾಸನೆಯೂ ಬಂದಂತಾಯಿತು. ಲ್ಯಾಬಿನಲ್ಲಿ ಬೆಲ್ಲ ಎಲ್ಲಿಂದ ಬರಬೇಕು? ಆದರೆ ನನ್ನ ಮೂಗಿಗೆ ಇವೆರಡೂ ಬೇರೆಯಲ್ಲ. ಮೂಡಲಗಿಯಲ್ಲಿ ವೈನಿಯವರ ಮಾಳಿಗೆಯ ಕೋಣೆಗೆ ಮೆಟ್ಟಿಲು ಹತ್ತುವಾಗ ಕೆಳಗಿನ ಅಂಗಡಿಯಿಂದ ಬೆಲ್ಲದ ವಾಸನೆ, ಮೇಲಿನಿಂದ ರಾಳದ ವಾಸನೆ ಬಂದು ನಡು ಮೆಟ್ಟಿಲಲ್ಲಿ ಕೂಡುತ್ತಿದ್ದವು. ಅಲ್ಲಿ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡು ಮುಂದೆ ಹತ್ತುತ್ತಿದ್ದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿಯಲ್ಲ. ಓಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಅವರದು ಬೆಲ್ಲದ ಅಡತಿ, ಅಂದರೆ ದಲ್ಲಾಳಿ ವ್ಯಾಪಾರದ ಜೈನರ ಮನೆ. ಸಾಂಗಲಿಯ ಕಡೆಯಿಂದ ಸೊಸೆಯಾಗಿ ಬಂದಿದ್ದರು. ಮದುವೆಗೆ ಮುಂಚೆ ಎಲೆಕ್ಟ್ರಾನಿಕ್ಸ್ ಓದಿದ್ದರು. ಅತ್ತೆಯವರ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ. ನಾನು ತುಕ್ಕಾನಟ್ಟಿಯವಳು. ಇಂಜಿನಿಯರಿಂಗ್ ಮುಗಿಸಿ, ಮುಂದೇನು ಎಂದು ತಿಳಿಯದೆ, ಮೂಡಲಗಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಎರಡು ಸಾವಿರದ ಏಳೆಂಟರ ಹೊತ್ತು. ಕ್ಲಾಸು ಅವರ ಅಂಗಡಿಯ ಬಾಜೂಕಿಗೇ ಇತ್ತು. ಒಂದು ದಿನ ವೈನಿ ಬಾಗಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ತಂಗಿ, ನಿನಗ ಲಿನಕ್ಸ್ ಬರ್ತೈತೇನ?"

"ಬರ್ತೈತ್ರಿ, ಸ್ವಲ್ಪ."

"ಸ್ವಲ್ಪ ಬಂದ್ರ ಸಾಕು. ನನಗೂ ಸ್ವಲ್ಪ ಬರ್ತೈತಿ. ಎರಡೂ ಕೂಡಿಸಿದ್ರ ಒಂದ ಆಗಬಹುದು, ಬಾ ಮ್ಯಾಲ."

ಮೇಲೆ ಒಂದು ಮೇಜು, ಮೇಜಿನ ಮೇಲೆ ಅಂಗೈಯಗಲದ ಹಸಿರು ಬೋರ್ಡು, ಅದರ ನಡುವೆ ಮಿದುಳಿನಂತೆ ಒಂದು ಕರಿ ಚಿಪ್ಪು, ಎಲೆಕ್ಟ್ರಾನಿಕ್ ಚಿಪ್. ಅದು ಕಬ್ಬಿನ ಗಾಣಕ್ಕೆಂದು ಅವರು ಮಾಡುತ್ತಿದ್ದ ಯಂತ್ರ. ಮದುವೆಯಾಗಿ ಬಂದ ಮೊದಲ ವರ್ಷ, ಬೆಲ್ಲ ತಂದಿದ್ದ ಒಬ್ಬ ಗಾಣದವನಿಗೆ ವೈನಿ ಚಹಾ ಕೊಟ್ಟರಂತೆ. ಅವನು ಎಡಗೈ ಚಾಚಿದನಂತೆ. ಬಲಗೈ ಮಣಿಕಟ್ಟಿಗೇ ಮುಗಿದಿತ್ತು. ಆಮೇಲೆ ನೋಡುತ್ತಾ ಹೋದರೆ ಬೆರಳಿಲ್ಲದವರು ಇನ್ನೂ ಕಂಡರು. ಅತ್ತೆಯವರನ್ನು ಕೇಳಿದರೆ "ಗಾಣ ಅಂದಮ್ಯಾಲ ಅದು ಇರೂದ" ಎಂದಿದ್ದರು. ಆ "ಇರೂದ" ಎಂಬ ಮಾತು ವೈನಿಯವರಿಗೆ ಜೀರ್ಣವಾಗಲೇ ಇಲ್ಲ.

ಅವರ ಯೋಚನೆ ಸರಳವಾಗಿತ್ತು. ಗಾಣದ ಬಾಯಿಯ ಮೇಲೆ, ಕಬ್ಬು ಕೊಡುವವರ ಹಣೆಯ ಎತ್ತರಕ್ಕೆ, ಒಂದು ಹಗ್ಗ. ಕೈ ಸಿಕ್ಕಿತೋ, ಇನ್ನೊಂದು ಕೈಯಿಂದ ಹಗ್ಗ ಜಗ್ಗಬೇಕು. ಹಗ್ಗದ ತುದಿಯ ಸ್ವಿಚ್ಚು ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ. ಬೋರ್ಡು ಮೋಟಾರನ್ನು ನಿಲ್ಲಿಸಿ ಹಿಂದಕ್ಕೆ ತಿರುಗಿಸುತ್ತದೆ. ನುಂಗಿದ್ದನ್ನು ಗಾಣವೇ ಹೊರಗೆ ಬಿಡುತ್ತದೆ.

ಮಾಳಿಗೆಯಲ್ಲಿ ಮೋಟಾರಿನ ಬದಲು ಬಲ್ಬು ಹಚ್ಚಿ ನೋಡಿದಾಗ ಎಲ್ಲವೂ ಸರಿ ಇತ್ತು. ತುಕ್ಕಾನಟ್ಟಿಯ ನನ್ನ ಸೋದರಮಾವನ ಗಾಣಕ್ಕೆ ಕೂಡಿಸಿದಾಗ ಮಾತ್ರ, ಹಗ್ಗ ಜಗ್ಗಿದರೆ ಕೆಲಸ ಮಾಡುತ್ತಿತ್ತಾದರೂ, ಆಗಾಗ ಬೋರ್ಡಿಗೆ ದಾರಿ ತಪ್ಪಿದಂತಾಗಿ ಗಾಣ ಸುಮ್ಮಸುಮ್ಮನೆ ನಿಂತುಬಿಡುತ್ತಿತ್ತು. ಮಾವ ಕೊಪ್ಪರಿಗೆಯ ಮುಂದಿನಿಂದ ಕೂಗುತ್ತಿದ್ದ: "ಏ ತಂಗಿ, ನಿಮ್ಮ ಡಬ್ಬಿ ಉಪವಾಸ ಕುಂತಿತು ನೋಡ! ನಿಂತ ಗಾಣದಾಗ ನಾ ಬೆಲ್ಲ ತಗೀಲೋ, ಭಜನಿ ಮಾಡ್ಲೋ?"

ಬೋರ್ಡು ಎಲ್ಲಿ ದಾರಿ ತಪ್ಪುತ್ತದೆ ಎಂದು ತಿಳಿಯಬೇಕಾದರೆ, ಅದು ಕೆಲಸ ಮಾಡುತ್ತಿರುವಾಗಲೇ ಚಿಪ್ಪಿನ ಒಳಗೆ ಇಣುಕಬೇಕು. ಅದಕ್ಕೊಂದು ಸಾಧನ ಬೇಕು. ಕಂಪನಿಯವರು ಮಾರುವುದರ ಬೆಲೆ ಕೇಳಿ ವೈನಿ ಫೋನನ್ನು ಮೆಲ್ಲಗೆ ಕೆಳಗಿಟ್ಟಿದ್ದರು. ಆದರೆ ಅದೇ ಕೆಲಸ ಮಾಡುವ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಇತ್ತು. ಬೇರೆ ಬೇರೆ ದೇಶದಲ್ಲಿ ಕುಳಿತ ಯಾರು ಯಾರೋ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಲಿ ಎಂದು ಬಿಟ್ಟಿದ್ದರು. "ಕೆರಿ ನೀರ ಇದ್ದಂಗ" ಎಂದರು ವೈನಿ. "ಕೊಡ ಮಾತ್ರ ನಮ್ಮದು ನಾವ ಒಯ್ಬೇಕು."

ಆ ಕೊಡ ಹೊಂದಿಸಲು ಒಂದು ಮಳೆಗಾಲ ಹಿಡಿಯಿತು.

ಮೂಡಲಗಿಯಲ್ಲಿ ಆಗ ಇಂಟರ್‌ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಬಸ್ಸು ಹತ್ತಿ ಗೋಕಾಕಿಗೆ ಹೋಗುತ್ತಿದ್ದೆ. ಅಲ್ಲಿನ ಸೈಬರ್ ಕೆಫೆಯಲ್ಲಿ ಸಾಫ್ಟ್‌ವೇರ್ ಇಳಿಸಿಕೊಂಡು, ಪೆನ್ ಡ್ರೈವನ್ನು ಪರ್ಸಿನೊಳಗಿಟ್ಟು ಮರಳುತ್ತಿದ್ದೆ. ಮಾಳಿಗೆಯಲ್ಲಿ ಕೂತು ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಲು ಹಚ್ಚಿದರೆ ಪರದೆಯ ಮೇಲೆ ಸಾಲುಗಳು ಸರಸರನೆ ಏರಿ, ಒಂದು ಕಡೆ ತಟ್ಟನೆ ನಿಲ್ಲುತ್ತಿದ್ದವು. ಇಂಥದ್ದೊಂದು ಫೈಲು ಇಲ್ಲ ಎನ್ನುತ್ತಿತ್ತು. ಮತ್ತೆ ಗೋಕಾಕ. ಮರುವಾರ ಆ ಫೈಲಿಗೆ ಇನ್ನೊಂದು ಫೈಲು ಬೇಕಾಗುತ್ತಿತ್ತು. ಘಟಪ್ರಭೆಯ ಸೇತುವೆ ದಾಟುವಾಗ ಕಿಟಕಿಯಿಂದ ಕೆಂಪು ನೀರು ನೋಡುತ್ತಾ, ತೊಡೆಯ ಮೇಲಿನ ಪರ್ಸಿನಲ್ಲಿದ್ದ ಆ ಬೆರಳುದ್ದದ ಪೆನ್ ಡ್ರೈವಿನಲ್ಲಿ ಯಾವ ಯಾವ ಊರಿನವರ ಎಷ್ಟು ದಿನದ ಕೆಲಸ ಮಲಗಿದೆಯೋ ಎಂದು ಯೋಚಿಸುತ್ತಿದ್ದೆ. ತೂಕಡಿಕೆ ಬರುತ್ತಿತ್ತು. ಎಚ್ಚರಾದಾಗ ಮೂಡಲಗಿ.

ಹುಕ್ಕೇರಿಯಲ್ಲಿ ಒಂದು ಟೈಪಿಂಗ್ ಕ್ಲಾಸಿನವರು ಹಳೆಯ ಕಂಪ್ಯೂಟರ್ ತೆಗೆದುಹಾಕುವವರಿದ್ದರು. ಅದರ ಬೆನ್ನಿಗೆ ಪ್ರಿಂಟರ್ ಚುಚ್ಚುವ ಅಗಲವಾದ ಕಿಂಡಿ ಇತ್ತು. ಚಿಪ್ಪಿನವರೆಗೆ ವಯರು ಹಾಯಿಸಲು ನಮಗೆ ಬೇಕಾದದ್ದು ಆ ಕಿಂಡಿ, ಅದಕ್ಕೇ ಆ ಕಂಪ್ಯೂಟರನ್ನು ಕೊಂಡು ತಂದೆವು. ವೈನಿ ಹಳೆಯ ಪ್ರಿಂಟರ್ ಕೇಬಲ್ ಒಂದನ್ನು ಕತ್ತರಿಸಿ, ಎಳೆ ಎಳೆ ಬಿಡಿಸಿ, ನಡುವೆ ಒಂದು ಪುಟ್ಟ ಐಸಿ ಕೂಡಿಸಿ, ಇನ್ನೊಂದು ತುದಿ ಬೋರ್ಡಿಗೆ ಬೆಸೆದರು. ಕಡ್ಡಿ ರಾಳಕ್ಕೆ ಅದ್ದಿದಾಗಲೆಲ್ಲ ಹೊಗೆ. ಕೆಳಗಿನಿಂದ ಅತ್ತೆಯವರು ಮರಾಠಿಯಲ್ಲಿ ಗದರುವುದು. ವೈನಿ ನಾಲಿಗೆ ಕಚ್ಚಿ ನಗುವುದು.

ಕೊನೆಗೆ ಒಂದು ಮಧ್ಯಾಹ್ನ... ಹೊರಗೆ ಜಿಟಿಜಿಟಿ ಮಳೆ ಇತ್ತು ಎಂದು ನೆನಪು. ಆವರೆಗೆ ಬರೀ ಸೊನ್ನೆಗಳನ್ನು ತೋರಿಸುತ್ತಿದ್ದ ಪರದೆಯ ಮೇಲೆ ಚಿಪ್ಪಿನ ಗುರುತಿನ ಸಂಖ್ಯೆ ಮೂಡಿತು. ಅಷ್ಟೇ. ಬಾವಿಯೊಳಗೆ ಎಷ್ಟೋ ದಿನದಿಂದ ಕೂಗುತ್ತಿದ್ದವರಿಗೆ ತಳದಿಂದ ಯಾರೋ ತಮ್ಮ ಹೆಸರು ಹೇಳಿದ ಹಾಗೆ.

"ಅಗ ಬಾಯಿ! ಮಾತಾಡಿತ ನೋಡ ತಂಗಿ, ಮಾತಾಡಿತ!" ಮರಾಠಿಯಲ್ಲಿ ಉದ್ಗರಿಸಿ ವೈನಿ ನನ್ನ ತೋಳು ಹಿಡಿದು ಅಲ್ಲಾಡಿಸಿಬಿಟ್ಟರು.

ಅದಾದ ಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಒಂದು ಆದೇಶ ಕೊಟ್ಟರೆ ಚಿಪ್ಪು ಇದ್ದಲ್ಲೇ ನಿಂತುಬಿಡುತ್ತಿತ್ತು. ಅದರ ಒಳಗಿನ ಪ್ರತಿ ಮನೆಯಲ್ಲಿ ಯಾವ ಅಂಕಿ ಇದೆ ಎಂದು ನಾವು ಬಾಗಿಲು ತೆರೆದು ನೋಡಿಬರಬಹುದಿತ್ತು. ಇನ್ನೊಂದು ಆದೇಶ ಕೊಟ್ಟರೆ ಏನೂ ಆಗಿಲ್ಲವೆಂಬಂತೆ ಮುಂದೆ ನಡೆಯುತ್ತಿತ್ತು. ಕಾಲವನ್ನೇ ಕೈಯಲ್ಲಿ ಹಿಡಿದು ನೋಡಿ ಮತ್ತೆ ಬಿಟ್ಟ ಹಾಗೆ.

"ಈ ಮನ್ಯಾಗ ನಾ ನಿಲ್ಲು ಅಂದ್ರ ನಿಲ್ಲೂದು ಇದೊಂದ ನೋಡ" ಎನ್ನುತ್ತಿದ್ದರು ವೈನಿ.

ಚಿಪ್ಪು ನಿಂತಾಗ ಮೇಜಿನ ಮೇಲಿನ ಬಲ್ಬು ಉರಿಯುತ್ತಿದ್ದರೆ ಉರಿಯುತ್ತಲೇ ಇರುತ್ತಿತ್ತು. ನಾವು ಆ ಹಳದಿ ಬೆಳಕಿನಲ್ಲಿ ಕೂತು ಚಹಾ ಕುಡಿಯುತ್ತಾ ಅಂಕಿಗಳನ್ನು ಓದುತ್ತಿದ್ದೆವು. ಲೈಟು ಹೋದರೆ ಮಾತ್ರ ಎಲ್ಲವೂ ಒಟ್ಟಿಗೆ ಆರುತ್ತಿತ್ತು.

ಕಬ್ಬಿನ ಹಂಗಾಮು ಶುರುವಾಯಿತು. ಗಾಣಕ್ಕೆ ನಿಜವಾದ ಕಬ್ಬು ಬಿದ್ದು, ಮೋಟಾರಿನ ಮೇಲೆ ಭಾರ ಬಿದ್ದಾಗ ಮಾತ್ರ ಬೋರ್ಡು ದಾರಿ ತಪ್ಪುತ್ತಿತ್ತು. ಆದ್ದರಿಂದ ಕಂಪ್ಯೂಟರನ್ನೇ ಗಾಣಕ್ಕೆ ಒಯ್ಯುವುದೆಂದಾಯಿತು. ಅದನ್ನು ಕೌದಿಯಲ್ಲಿ ಸುತ್ತಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿಟ್ಟು, ವೈನಿ ಒಂದು ಬದಿ, ನಾನು ಒಂದು ಬದಿ ಹಿಡಿದು ಕೂತೆವು. ಬಸುರಿಯನ್ನು ತವರಿಗೆ ಕರೆದೊಯ್ದ ಹಾಗಿತ್ತು.

ಮಾವನ ಗಾಣದಲ್ಲಿ ಕಬ್ಬು ಕೊಡುತ್ತಿದ್ದವಳು ನಮ್ಮ ಓಣಿಯ ದೊಡ್ಡವ್ವ. ಸಂಬಂಧದಲ್ಲಿ ಯಾರಿಗೂ ಏನೂ ಆಗಬೇಕಾದವಳಲ್ಲ, ಆದರೆ ಊರಿಗೆಲ್ಲ ದೊಡ್ಡವ್ವ. ಹಿಂದೆ ನಾವು ಯಂತ್ರ ಹಚ್ಚಿ ನೋಡಿದ ದಿನಗಳಲ್ಲಿ ಅವಳು ಕೆಲಸಕ್ಕೆ ಬಂದಿರಲಿಲ್ಲ. ಕಬ್ಬಿನ ಸಿಬಿರು ಅಂಗೈ ಕೊಯ್ಯುತ್ತದೆಂದು ಗಾಣಕ್ಕೆ ಕಬ್ಬು ಕೊಡುವ ಹೆಂಗಸರು ಹಳೆಯ ಸೀರೆಯನ್ನು ಪಟ್ಟಿಯಾಗಿ ಹರಿದು ಕೈಗೆ ಸುತ್ತಿಕೊಳ್ಳುತ್ತಾರೆ. ದೊಡ್ಡವ್ವನೂ ಪ್ರತಿದಿನ ಹಾಗೆ ಸುತ್ತಿ, ತುದಿಯನ್ನು ಹಲ್ಲಿನಿಂದ ಕಚ್ಚಿ ಬಿಗಿದು, ಒಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಗಾಣಕ್ಕ ಟಿವಿ ತಂದ್ರೆಲ್ಲರಿ ಅಕ್ಕಾರ!" ಎಂದಳು ಅವಳು, ಕಂಪ್ಯೂಟರ್ ನೋಡಿ. "ಇನ್ನ ಬೆಲ್ಲ ಧಾರಾವಾಹಿ ನೋಡ್ಕೋತ ಕುದೀತೈತಿ."

"ದೊಡ್ಡವ್ವ, ನೀವು ದಿನಾ ಹೆಂಗ ಕಬ್ಬ ಕೊಡ್ತೀರಿ, ಹಂಗ ಕೊಡ್ರಿ" ಎಂದರು ವೈನಿ.

"ನನಗ್ಯಾಕ 'ರಿ' ಹಚ್ತೀರಿ? ನನ್ನ ಗಂಡ ಕೇಳಿದ್ರ ಎದ್ದ ಬಂದಾನು, ಸತ್ತ ಹತ್ತ ವರ್ಷ ಆತು."

ಎಲ್ಲರೂ ನಕ್ಕೆವು. ವೈನಿ ಹಗ್ಗ ಜಗ್ಗಿ ತೋರಿಸಿದರು. ಗಾಣ ನಿಂತು ಹಿಂದಕ್ಕೆ ತಿರುಗಿತು. ದೊಡ್ಡವ್ವನೂ ಜಗ್ಗಿ ನೋಡಿದಳು. ಅವಳಿಗೆ ಹಿಡಿಸಿತು. "ಇಷ್ಟ ವರ್ಷ ಈ ಬಾಯಿ ಮುಂದ ಅಂಜಿ ಅಂಜಿ ನಿಂತೇನಿ. ಇವತ್ತ ಹಗ್ಗ ಐತೆಲ್ಲ" ಎಂದು ಕಬ್ಬಿನ ಕಂತೆಗೆ ಬಾಗಿದಳು.

ಸಿಪ್ಪೆಯ ಧೂಳು ಬೀಳದಿರಲೆಂದು ಕಂಪ್ಯೂಟರನ್ನು ಒಂದು ತಗಡಿನ ಮರೆಗೆ ಇಟ್ಟಿದ್ದೆವು. ಅಲ್ಲಿ ಕೂತ ವೈನಿಯವರಿಗೆ ಗಾಣದ ಬಾಯಿ ಕಾಣುತ್ತಿರಲಿಲ್ಲ. ತಗಡಿನ ಅಂಚಿನಲ್ಲಿ ನಿಂತ ನನಗೆ ಎರಡೂ ಕಾಣುತ್ತಿದ್ದವು. ಎಡಕ್ಕೆ ತಿರುಗಿದರೆ ವೈನಿಯವರ ಬಾಗಿದ ಬೆನ್ನು, ಬಲಕ್ಕೆ ತಿರುಗಿದರೆ ದೊಡ್ಡವ್ವನ ಕೈ.

ಹನ್ನೊಂದು ಇಪ್ಪತ್ತಕ್ಕೆ ವೈನಿ "ಸಿಕ್ತು!" ಎಂದರು. ಬೋರ್ಡು ದಾರಿ ತಪ್ಪಿದ್ದು ಪರದೆಯ ಮೇಲೆ ಕಂಡಿತ್ತು. ಗಾಣ ನಿಲ್ಲುವ ಮೊದಲೇ, ತಪ್ಪಿದ ಜಾಗದಲ್ಲೇ ಹಿಡಿಯಬೇಕೆಂದು ಚಿಪ್ಪಿಗೆ ನಿಲ್ಲುವ ಆದೇಶ ಕೊಟ್ಟರು. ಚಿಪ್ಪು ನಿಂತಿತು. ಗಾಣ ತಿರುಗುತ್ತಲೇ ಇತ್ತು. ಅದು ನಮಗೆ ವಿಚಿತ್ರ ಎನಿಸಲಿಲ್ಲ. ಮಾಳಿಗೆಯಲ್ಲಿ ಬಲ್ಬು ಉರಿಯುತ್ತಲೇ ಇರುತ್ತಿತ್ತಲ್ಲ... ನಾನೂ ತಗಡಿನೊಳಗೆ ಬಾಗಿ ಅಂಕಿಗಳನ್ನು ನೋಡಿದೆ. ಎಷ್ಟೋ ತಿಂಗಳಿಂದ ಹುಡುಕುತ್ತಿದ್ದದ್ದು ಅಲ್ಲಿತ್ತು. ವೈನಿಯವರ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು.

ಮತ್ತೆ ಬಲಕ್ಕೆ ತಿರುಗಿದಾಗ ದೊಡ್ಡವ್ವನ ಕೈಪಟ್ಟಿಯ ತುದಿ ಕಬ್ಬಿನ ಜೊತೆ ಗಾಣದ ಬಾಯೊಳಗೆ ಹೋಗುತ್ತಿತ್ತು.

ಅವಳು ಚೀರಲಿಲ್ಲ. ಎಡಗೈ ಎತ್ತಿ ಹಗ್ಗ ಜಗ್ಗಿದಳು. ಸ್ವಿಚ್ಚು ಕೆಳಗೆ ಬಂದದ್ದನ್ನು ನಾನು ನೋಡಿದೆ. ಗಾಣ ನಿಲ್ಲಲಿಲ್ಲ. ಮತ್ತೆ ಜಗ್ಗಿದಳು. ಪಟ್ಟಿ ಬಿಗಿಯಾಯಿತು, ಬಲಗೈ ಒಂದು ಗೇಣು ಮುಂದೆ ಹೋಯಿತು. ಆಗ ಅವಳು ತನ್ನ ಕೈ ನೋಡಲಿಲ್ಲ, ಹಗ್ಗ ನೋಡಿದಳು. ಮಾತು ಕೊಟ್ಟು ಬಾರದವರ ದಾರಿ ನೋಡುವಂತೆ ನೋಡಿದಳು. ಆ ನೋಟ...

"ವೈನಿ! ಕೈ! ದೊಡ್ಡವ್ವನ ಕೈ!"

ಮೇನ್ ಸ್ವಿಚ್ಚು ಕೊಪ್ಪರಿಗೆಯ ಆಚೆ ಕಂಬದ ಮೇಲಿತ್ತು. ನಾನು ಓಡಿದೆ. ಮಾವ ಕೈಯಲ್ಲಿನ ಸೌಟು ಬಿಸುಟು ಓಡಿದ. ಸಿಪ್ಪೆಯ ಮೇಲೆ ಕಾಲು ಜಾರುತ್ತಿತ್ತು, ಕನಸಿನಲ್ಲಿ ಓಡಿದ ಹಾಗೆ ಕಂಬ ಹತ್ತಿರವಾಗಲೇ ಇಲ್ಲ. ನಾವಿಬ್ಬರೂ ಮುಟ್ಟುವ ಮೊದಲೇ ಹಿಂದೆ ಬೋರ್ಡಿನ ಡಬ್ಬಿಯಿಂದ ಖಟ್ ಎಂಬ ಸದ್ದು ಬಂತು. ಗಾಣ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ಹಿಂದಕ್ಕೆ ತಿರುಗಿತು. ಜಜ್ಜಿದ ಕಬ್ಬು, ಸೀರೆಯ ಪಟ್ಟಿ, ಅದರ ಹಿಂದೆ ದೊಡ್ಡವ್ವನ ಕೈ ಹೊರಗೆ ಬಂದವು.

ಅವಳು ನೆಲಕ್ಕೆ ಕುಸಿದು ಕೂತಳು. ಅಂಗೈಯ ಚರ್ಮ ಸುಲಿದಿತ್ತು, ಉಂಗುರದ ಬೆರಳಿನ ತುದಿ ಜಜ್ಜಿತ್ತು, ರಕ್ತ ಕಬ್ಬಿನ ಹಾಲಿಗೆ ಕೂಡಿ ಹರಿಯುತ್ತಿತ್ತು. ಅವಳು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಎಲ್ಲವೂ ಇದ್ದವು. ಮಾವ ಅವಳನ್ನು ಮೋಟಾರ್ ಸೈಕಲ್ ಮೇಲೆ ಮೂಡಲಗಿಯ ಡಾಕ್ಟರರ ಹತ್ತಿರ ಕರೆದೊಯ್ದ.

ನಾನು ತಗಡಿನ ಮರೆಗೆ ಬಂದೆ. ವೈನಿ ಕೂತಲ್ಲೇ ಕೂತಿದ್ದರು. ಪರದೆಯ ಮೇಲೆ ಅವರು ಟೈಪ್ ಮಾಡಿದ ಎರಡು ಸಾಲುಗಳಿದ್ದವು. ಮೊದಲನೆಯದು ಚಿಪ್ಪಿಗೆ ಮುಂದೆ ನಡೆ ಎನ್ನುವ ಆದೇಶ, ಅದರಲ್ಲಿ ಒಂದು ಅಕ್ಷರ ತಪ್ಪಿತ್ತು. ಅದರ ಕೆಳಗೆ, ಅಂಥ ಆದೇಶ ಇಲ್ಲ ಎಂಬ ಉತ್ತರ. ಎರಡನೆಯದು ಅದೇ ಆದೇಶ, ಸರಿಯಾಗಿ. ಚಿಪ್ಪಿಗೆ ಎಚ್ಚರಾಗಿ, ಹಗ್ಗ ಕೆಳಗೆ ಬಂದಿರುವುದು ಕಂಡು, ಅದು ತನ್ನ ಕೆಲಸ ಮಾಡಿತ್ತು.

ಊರಿನಲ್ಲಿ ಜನ ಯಂತ್ರವೇ ಕೈ ಉಳಿಸಿತು ಎಂದು ಮಾತಾಡಿಕೊಂಡರು. ಮಾವ ಹಾಗೆ ಹೇಳಲಿಲ್ಲ. ಮರುದಿನ ಬೋರ್ಡು, ಹಗ್ಗ ಎಲ್ಲ ಬಿಚ್ಚಿ ಅಂಗಡಿಗೆ ತಂದಿಟ್ಟು, ಚಹಾ ಕೂಡ ಕುಡಿಯದೆ ನಿಂತೇ ಹೇಳಿದ: "ತಪ್ಪ ತಿಳ್ಕೋಬ್ಯಾಡ್ರಿ ವೈನಿ. ಈ ಹಗ್ಗ ಇರಲಿಲ್ಲಂದ್ರ ಆಕಿ ಅಷ್ಟ ಹತ್ರ ಕೈ ಒಯ್ತಿರಲಿಲ್ಲ."

"ಖರೆ ಅದ" ಎಂದರು ವೈನಿ.

ಆಮೇಲೆ ಅವರಿಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಬೆರಳುಗಳು ಹಾಸಿಗೆಯ ಮೇಲೆ ಅಕ್ಷರ ಹುಡುಕುತ್ತವೆ ಎನ್ನುತ್ತಿದ್ದರು. ನಾನು ಮೇಲೆ ಹೋದಾಗ ಕಡ್ಡಿ ತಣ್ಣಗಿರುತ್ತಿತ್ತು, ರಾಳದ ಡಬ್ಬಿಯ ಮುಚ್ಚಳ ಹಾಕಿರುತ್ತಿತ್ತು. ಒಂದು ದಿನ ಮೇಜಿನ ಮೇಲಿನ ಬಲ್ಬನ್ನೇ ನೋಡುತ್ತಾ ಹೇಳಿದರು:

"ಇದು ದಿನಾ ಹೇಳಾಕತ್ತಿತ್ತ ತಂಗಿ. ಚಿಪ್ ನಿಂತ್ರೂ ನಾ ನಿಲ್ಲೂದಿಲ್ಲ ಅಂತ ಹೇಳಾಕತ್ತಿತ್ತ. ನಾವು ಅದರ ಬೆಳಕಿನ್ಯಾಗ ಕುಂತ ಚಾ ಕುಡದ್ವಿ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕಾಲವನ್ನು ಹಿಡಿದು ನಿಲ್ಲಿಸಿದ್ದೇವೆ ಎಂದುಕೊಂಡಿದ್ದೆವು. ನಿಂತಿದ್ದು ಚಿಪ್ಪಿನ ಲೆಕ್ಕಾಚಾರ ಮಾತ್ರ. ಅದು ಕೊನೆಯದಾಗಿ ಹಚ್ಚಿದ ಮೋಟಾರಿನ ಸ್ವಿಚ್ಚು ಹಚ್ಚಿದ ಹಾಗೇ ಇತ್ತು, ಮೋಟಾರು ತಿರುಗುತ್ತಿತ್ತು. ಹಗ್ಗದ ಸುದ್ದಿ ಕೇಳಬೇಕಾದ ಕಿವಿಯನ್ನು ನಾವೇ ಮುಚ್ಚಿದ್ದೆವು.

ಒಂದು ಮುಂಜಾನೆ ಕೆಳಗಿನಿಂದ ಕೂಗು ಬಂತು.

"ಕಂಪ್ಯೂಟರ ಅಕ್ಕಾರ ಅದಾರೇನ?"

ದೊಡ್ಡವ್ವ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಕೈಗೆ ಬ್ಯಾಂಡೇಜು. ಯಾರೂ ಅವಳನ್ನು ಕರೆಸಿರಲಿಲ್ಲ. ವೈನಿ ಇಳಿದುಬಂದವರು ಆ ಕೈ ನೋಡಿ ಅಳತೊಡಗಿದರು.

"ಕೈ ನಂದು. ನೀವ್ಯಾಕ ಅಳ್ತೀರಿ? ಅತ್ತರ ನಾ ಅಳಬೇಕು, ನನಗ ಪುರಸತ್ತ ಇಲ್ಲ" ಎಂದಳು ದೊಡ್ಡವ್ವ. "ಗಾಣ ಚಾಲೂ ಆಗೇತ್ರಿ. ಎಡಗೈಲೆ ಕಬ್ಬ ಕೊಡಾಕತ್ತೇನಿ. ಮ್ಯಾಲ ನೋಡ್ತೇನಿ, ಹಗ್ಗ ಇಲ್ಲ. ಮೊದಲ ಹಗ್ಗ ಅನ್ನೂದ ಗೊತ್ತಿರಲಿಲ್ಲ, ನಡೀತಿತ್ತು. ಈಗ ಅಂಜಿಕಿ ಬರ್ತೈತಿ. ಹಚ್ಚಿ ಕೊಡ್ರಿ."

"ಅದು ಒಮ್ಮಿ ಮೋಸ ಮಾಡೇತಿ ದೊಡ್ಡವ್ವ."

"ಮಾಡ್ತು. ಯಾಕ ಮಾಡ್ತು ಅನ್ನೂದ ನಿಮಗ ಗೊತ್ತಾತೋ ಇಲ್ಲೋ?"

"ಗೊತ್ತಾತು."

"ಮತ್ತ? ಗೊತ್ತಾದ್ರೂ ಹಿಂಗ ಕುಂತೀರೆಲ್ಲ!"

ಅಂದು ಮಧ್ಯಾಹ್ನ ಮಾಳಿಗೆಯಲ್ಲಿ ಮತ್ತೆ ರಾಳದ ಹೊಗೆ ಎದ್ದಿತು. ಅಂದು ಪರದೆಯ ಮೇಲೆ ಸಿಕ್ಕಿದ್ದ ತಪ್ಪನ್ನು ತಿದ್ದಿ, ವೈನಿ ಹಗ್ಗದ ದಾರಿಯನ್ನೇ ಬದಲಿಸಿದರು. ಹಗ್ಗ ಜಗ್ಗಿದರೆ ಸ್ವಿಚ್ಚು ಯಾರನ್ನೂ ಕೇಳದೆ ತಾನೇ ಮೋಟಾರಿನ ಕರೆಂಟು ಕಡಿಯಬೇಕು. ಅದಕ್ಕೆ ಬರೀ ಎರಡು ವಯರು ಸಾಕಾದವು. ಹಿಂದಕ್ಕೆ ತಿರುಗಿಸುವ ಕೆಲಸ ಮಾತ್ರ ಚಿಪ್ಪಿನದು. ಚಿಪ್ಪು ಸರಿ ಇರಲಿ, ಕೆಟ್ಟಿರಲಿ, ನಾವು ಅದನ್ನು ಹಿಡಿದು ನಿಲ್ಲಿಸಿರಲಿ, ಹಗ್ಗ ಎಳೆದರೆ ಗಾಣ ನಿಂತೇ ನಿಲ್ಲಬೇಕು. ಬೋರ್ಡಿಗೆ ಕಂಪ್ಯೂಟರಿನ ಕೇಬಲ್ ಚುಚ್ಚಿದಾಗ ಗಾಣದ ಮುಂದೆ ಯಾರೂ ಇರಬಾರದು ಎಂಬುದೂ ಅಂದಿನಿಂದ ಅವರ ಕಟ್ಟಳೆಯಾಯಿತು.

ಮತ್ತೆ ಕೌದಿ, ಮತ್ತೆ ಟ್ರೇಲರು. ಮಾವ ಮುಖ ಗಂಟು ಹಾಕಿಕೊಂಡೇ ಒಪ್ಪಿದ್ದ. ಈ ಸಲ ತಗಡು ತೆಗೆಸಿ, ವೈನಿ ಗಾಣದ ಬಾಯಿ ಎದುರಿಗೆ ಕಾಣುವಂತೆ ಕೂತರು. ಕಬ್ಬನ್ನು ಉದ್ದ ಕೋಲಿನಿಂದ ದೂರದಿಂದಲೇ ತಳ್ಳಿದೆವು. ಗಾಣ ತಿರುಗುತ್ತಿರುವಾಗ ವೈನಿ ಬೇಕೆಂದೇ ಚಿಪ್ಪನ್ನು ನಿಲ್ಲಿಸಿದರು. ಹಗ್ಗದ ಉದ್ದನೆಯ ತುದಿ ದೂರದಲ್ಲಿ ನಿಂತ ದೊಡ್ಡವ್ವನ ಕೈಯಲ್ಲಿತ್ತು.

"ಜಗ್ಗಲೇನ್ರಿ?"

"ಜಗ್ಗು" ಎಂದರು ವೈನಿ. "ರಿ" ಮರೆತೇಹೋಗಿತ್ತು.

ಗಾಣ ನಿಂತಿತು. ಸಿಪ್ಪೆಯೊಳಗೆ ಗಾಳಿ ಆಡುವುದು ಕೇಳಿಸುವಷ್ಟು ಸದ್ದಿಲ್ಲದಾಯಿತು.

"ಮತ್ತೊಮ್ಮಿ" ಎಂದರು ವೈನಿ. ಮತ್ತೊಮ್ಮೆ ನಿಂತಿತು. ಮತ್ತೊಮ್ಮೆ, ಮತ್ತೊಮ್ಮೆ... ಬಿಸಿಲು ಇಳಿಯುವವರೆಗೂ. ಕಡೆಗೆ ದೊಡ್ಡವ್ವನೇ ಹಗ್ಗ ಕೆಳಗೆ ಹಾಕಿ "ಇನ್ನಾ ಎಷ್ಟ ಸಲರಿ ಅಕ್ಕಾರ? ಗಾಣ ನಿಂತತಿ, ಇನ್ನ ನಾ ನಿಲ್ಲೂದಿಲ್ಲ, ಟೊಂಕ ಹಿಡೀತು" ಎಂದಳು. ಮಾವ ಅಂದು ಮೊದಲ ಸಲ ನಕ್ಕ. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ವೈನಿಯವರ ಕೈಗೆ ಕೊಟ್ಟ.

ಮರುದಿನ ಕ್ಲಾಸಿಗೆ ಮುಂಚೆ ನಾನು ಅವರ ಮನೆಗೆ ಹೋದೆ. ಬಿಸಿಲು ಏರಿತ್ತು. ಅತ್ತೆಯವರು ಮೆಟ್ಟಿಲ ಬುಡದಲ್ಲಿ ಮಣೆ ಹಾಕಿಕೊಂಡು, ದಾರಿಗೆ ಅಡ್ಡವಾಗಿ ಕೂತಿದ್ದರು. ಅಂಗಡಿಯ ಹಮಾಲರಿಗೂ ಪಿಸುಮಾತಿನಲ್ಲೇ ಅಪ್ಪಣೆ. ನನ್ನನ್ನು ಕಂಡು ತುಟಿಗೆ ಬೆರಳಿಟ್ಟರು.

"ಶ್... ಇನ್ನಾ ಮಲಗ್ಯಾಳ. ರಾತ್ರಿ ಒಮ್ಮೀನೂ ಎದ್ದಿಲ್ಲ. ನೀ ಚಪ್ಪಲ್ ಸಪ್ಪಳ ಮಾಡಬ್ಯಾಡ, ಹೋಗು."

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದೆ.

ವರ್ಷಗಳು ಹೋದವು. ನನಗೆ ಬೇರೆ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ವೈನಿಯವರ ಮನೆಯವರು ವ್ಯಾಪಾರವನ್ನು ಸಾಂಗಲಿಗೆ ಒಯ್ದರು. ದೊಡ್ಡವ್ವ ಮುಪ್ಪಿನವರೆಗೂ ಆ ಹಗ್ಗದ ಕೆಳಗೆ ನಿಂತು ಕಬ್ಬು ಕೊಟ್ಟಳು. ಒಂದು ಬೆರಳು ಕೊನೆಯವರೆಗೂ ನೆಟ್ಟಗಾಗಲಿಲ್ಲ.

ವೈನಿಯವರಿಗೆ ನಿದ್ದೆ ಮರಳಿತ್ತು, ನನಗೆ ಮರಳಲಿಲ್ಲ. ನನಗೊಂದು ಕನಸು ಬೀಳುತ್ತಿತ್ತು. ಅದರಲ್ಲಿ ನಾನು ಓಡುವುದಿಲ್ಲ. ತಗಡಿನ ಅಂಚಿನಲ್ಲೇ ನಿಂತಿರುತ್ತೇನೆ. ಬಲಕ್ಕೆ ಆ ಕೈ, ಎಡಕ್ಕೆ ವೈನಿಯವರ ಬೆನ್ನು. ಅವರು ಅಕ್ಷರ ತಪ್ಪುತ್ತಾರೆ. ಎರಡನೆಯ ಸಾಲು ಬರೆಯುವ ಮೊದಲೇ ನನಗೆ ಎಚ್ಚರವಾಗುತ್ತದೆ. ಮದುವೆಯಾದ ಮೇಲೂ, ಮಕ್ಕಳಾದ ಮೇಲೂ ಆ ಕನಸು ಬಿಡಲಿಲ್ಲ. ದೀಪಾವಳಿಗೆ ಫೋನು ಮಾಡಿದಾಗ ಒಮ್ಮೆ ವೈನಿಯವರಿಗೆ ಹೇಳಿಬಿಟ್ಟೆ. ಅವರು ನಕ್ಕರು.

"ಇಷ್ಟ ವರ್ಷ ಆತು, ಇನ್ನಾ ನಾ ತಪ್ಪ ಟೈಪ್ ಮಾಡಾಕತ್ತೇನೇನ? ಬಾಜೂಕ ನಿಂತ ಸುಮ್ಮ ನೋಡ್ತೀಯಲ್ಲ, ಹೇಳಿ ಕೊಡಬಾರದೇನ?"

ಹೋದ ವರ್ಷ ಮಾವನ ಫೋನು ಬಂತು. ವೈನಿ ಕೆಲವು ತಿಂಗಳಿಂದ ಕಾಯಿಲೆಯಲ್ಲಿದ್ದರಂತೆ. ಯಾರಿಗೂ ಹೇಳಗೊಟ್ಟಿರಲಿಲ್ಲವಂತೆ. ಎಲ್ಲವೂ ಮುಗಿದು ವಾರವಾಗಿತ್ತು. ಈ ರಾತ್ರಿ ಕನಸು ಖಂಡಿತ ಬೀಳುತ್ತದೆ ಎಂದುಕೊಂಡೆ. ಅಂಜಿಕೆಯೇ ಇರಲಿ, ನೋಡೋಣ ಎಂದು ಬೇಗ ದೀಪ ಆರಿಸಿ ಮಲಗಿದೆ.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಇಡೀ ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಮರುದಿನವೂ ಆಗಲಿಲ್ಲ. ಈಗ ನನಗೆ ದಿನಾ ಒಳ್ಳೆಯ ನಿದ್ದೆ ಬರುತ್ತದೆ, ಮನೆಯವರಿಗೆ ಅದೇ ಸಮಾಧಾನ. ನಾನು ಮಾತ್ರ ಬೆಳಗ್ಗೆ ಎದ್ದು ಒಂದಷ್ಟು ಹೊತ್ತು ಹಾಸಿಗೆಯಲ್ಲೇ ಕೂತಿರುತ್ತೇನೆ. ಅಷ್ಟು ವರ್ಷ ನನ್ನನ್ನು ಎಬ್ಬಿಸಿ ಕೂರಿಸಿದ ಆ ಕನಸಿನಲ್ಲಿ ವೈನಿ ಇರುತ್ತಿದ್ದರು. ಈಗ ಅಲ್ಲಿಯೂ ಇಲ್ಲ.